ಪಕ್ಕದ ಲೈಬ್ರರಿಯ ಪುಸ್ತಕ ನಮ್ಮ ಓದುಗರಿಗೆ: ಎರವಲಿನ ಯಾವ ದಾರಿ ಯಾವ ಕಾಲೇಜಿಗೆ?

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ. ಜೇವರ್ಗಿ ಕಡೆಯಿಂದ ದಿನಾ ಬಸ್ಸಿಗೆ ಬರುವ ಎಂ.ಎ. ವಿದ್ಯಾರ್ಥಿನಿ ಕೌಂಟರ್ ಮುಂದೆ ನಿಂತಿದ್ದಳು. ಕೈಯಲ್ಲಿ ನಾಲ್ಕು ಮಡಿಕೆಯ ಚೀಟಿ. ಬಹಮನಿ ಕಾಲದ ನೀರಿನ ವ್ಯವಸ್ಥೆ ಬಗ್ಗೆ ಒಂದು ಪುಸ್ತಕದ ಹೆಸರು ಅದರಲ್ಲಿತ್ತು.

"ಸರ್, ಇದು ಅದ ಏನ್ರಿ?"

"ನಮ್ಮಲ್ಲಿ ಇಲ್ಲವ್ವ."

ಚೀಟಿ ಮತ್ತೆ ಮಡಚಿಕೊಂಡು ಹೋದಳು. ಆ ಪುಸ್ತಕ ಇದ್ದದ್ದು ನಾಲ್ಕು ಕಿಲೋಮೀಟರ್ ಆಚೆ, ಕಲಬುರಗಿಯದೇ ಇನ್ನೊಂದು ಕಾಲೇಜಿನ ಕಪಾಟಿನಲ್ಲಿ. ಅದು ನನಗೂ ಗೊತ್ತಿತ್ತು. ಅಲ್ಲಿನ ಗ್ರಂಥಪಾಲಕರು ನನಗೆ ಚೆನ್ನಾಗಿ ಪರಿಚಯ. ಫೋನ್ ಮಾಡಿದರೆ ಅವರು ಒಲ್ಲೆ ಅನ್ನುವವರಲ್ಲ. ಆದರೆ ಪುಸ್ತಕ ಕಳೆದರೆ ಯಾರು ಕಟ್ಟಿಕೊಡಬೇಕು ಅಂತ ಹೇಳುವ ಒಂದು ಸಾಲಿನ ಕಾಗದವೂ ನಮ್ಮಿಬ್ಬರ ನಡುವೆ ಇರಲಿಲ್ಲ. ಹಾಗಾಗಿ ನಾನು ಕೇಳಲಿಲ್ಲ, ಅವರು ಕೊಡಲಿಲ್ಲ.

ಲೈಬ್ರರಿಗಳ ನಡುವಿನ ಎರವಲು ಅಂದರೆ ದೊಡ್ಡ ತಂತ್ರಾಂಶ, ದೊಡ್ಡ ಚಂದಾ ಅಂತ ಅನೇಕರು ತಿಳಿದಿದ್ದಾರೆ. ನಮ್ಮ ಅನುಭವದಲ್ಲಿ ಅದು ಮೊದಲಿಗೆ ಒಂದು ಕಾಗದದ ವಿಷಯ. ಪುಸ್ತಕ ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ. ವಾಪಸ್ ಬರುವ ದಾರಿ ಬರೆದಿಟ್ಟರೆ ಉಳಿದದ್ದು ತಾನಾಗೇ ಆಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳ ಮುಂದೆ ಸದ್ಯ ನಾಲ್ಕು ದಾರಿಗಳಿವೆ. ಯಾವುದು ಯಾರಿಗೆ ಒಗ್ಗುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು "ಇಲ್ಲ" ನೋಟ್‌ಬುಕ್ ಇಡಿ

ದಾರಿ ಆರಿಸುವ ಮುಂಚೆ ಎರಡು ತಿಂಗಳು ಒಂದು ಕೆಲಸ ಮಾಡಿ. ನೂರು ಪುಟದ ನೋಟ್‌ಬುಕ್ ಕೌಂಟರ್ ಮೇಲೆ ಇಡಿ. ಓದುಗರಿಗೆ "ಇಲ್ಲ" ಅಂದಾಗಲೆಲ್ಲ ದಿನಾಂಕ, ಕೇಳಿದ ಪುಸ್ತಕ, ಯಾವ ತರಗತಿ, ಎಷ್ಟು ದಿನದಲ್ಲಿ ಬೇಕು ಅಂತ ಬರೆಯಿರಿ. ಕೊನೆಯ ಕಾಲಂ ಖಾಲಿ ಬಿಡಿ: "ಎಲ್ಲಿ ಸಿಕ್ಕಿತು".

ನಾವು ಹೀಗೆ ಬರೆದಾಗ ಕೇಳಿಕೆಗಳು ನಾಲ್ಕು ಗುಂಪಾದವು. ಒಂದು, ಪರೀಕ್ಷೆ ಹೊತ್ತಿನ ಪಠ್ಯಪುಸ್ತಕ. ಎರಡು, ಈ ಭಾಗದ ಇತಿಹಾಸ, ಶರಣರು, ಬಹಮನಿ, ನಿಜಾಮರ ಕಾಲ, ಉರ್ದು ಮತ್ತು ಹಳೆಯ ಕನ್ನಡ ಪುಸ್ತಕಗಳು. ಮೂರು, ಜರ್ನಲ್ ಲೇಖನಗಳು. ನಾಲ್ಕು, ಪಿಎಚ್.ಡಿ. ಪ್ರಬಂಧಗಳು.

ಮೊದಲನೆಯದಕ್ಕೆ ಎರವಲು ಉತ್ತರವೇ ಅಲ್ಲ. ಸೆಮಿಸ್ಟರ್ ಪರೀಕ್ಷೆ ಎಲ್ಲ ಕಾಲೇಜಿಗೂ ಒಂದೇ ಹೊತ್ತಿಗೆ ಬರುತ್ತದೆ. ನಮಗೆ ಬೇಕಾದ ದಿನವೇ ಪಕ್ಕದವರಿಗೂ ಬೇಕು. ಅಲ್ಲಿ ಕೈ ಚಾಚಿದರೆ ಸಂಬಂಧ ಕೆಡುತ್ತದೆ ಅಷ್ಟೇ. ಆ ಪುಸ್ತಕಗಳ ಪ್ರತಿ ಜಾಸ್ತಿ ಕೊಳ್ಳಿ, ನಿಮ್ಮ ಎರವಲು ನೀತಿಯಲ್ಲಿ "ಪಠ್ಯಪುಸ್ತಕ ಎರವಲಿಲ್ಲ" ಅಂತ ಒಂದು ಸಾಲು ಬರೆದುಬಿಡಿ.

ನಾಲ್ಕನೆಯದಕ್ಕೂ ಎಲ್ಲರೂ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆ ಆವರಣದ ತನಕ ಹೋಗಬೇಕಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅನ್ನುವ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ಬಂದದ್ದು 2009ರಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ನಡುವಿನ ವರ್ಷಗಳ ಪ್ರಬಂಧ ಬೇಕಾದರೆ ಮೊದಲು ಶೋಧಗಂಗಾದಲ್ಲಿ ಹುಡುಕಿ, ಅಲ್ಲಿ ಸಿಗದಿದ್ದರೆ ಮಾತ್ರ ಓದುಗರನ್ನು ಕಳಿಸಿ.

ಉಳಿದದ್ದು ಎರಡನೆಯ ಮತ್ತು ಮೂರನೆಯ ಗುಂಪು. ನಿಮ್ಮ ನೋಟ್‌ಬುಕ್ಕಿನಲ್ಲಿ ಈ ಎರಡರಲ್ಲಿ ಯಾವುದು ಜಾಸ್ತಿ ಅನ್ನುವುದರ ಮೇಲೆ ನಿಮ್ಮ ದಾರಿ ನಿಂತಿದೆ.

ಪರಿಚಯ ಪತ್ರ ಕೊಟ್ಟು ಓದುಗರನ್ನೇ ಕಳಿಸುವುದು

ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಅಗ್ಗದ್ದು. ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು, ಸಹಿ, ಸೀಲು. ಓದುಗರು ಆ ಲೈಬ್ರರಿಗೆ ಹೋಗಿ ಅಲ್ಲೇ ಕೂತು ಓದುತ್ತಾರೆ. ಪುಸ್ತಕ ಹೊರಗೆ ಬರುವುದೇ ಇಲ್ಲ, ಆದ್ದರಿಂದ ಕಳೆಯುವ ಭಯವೂ ಇಲ್ಲ. ಅಪರೂಪದ ಪುಸ್ತಕ, ಹಸ್ತಪ್ರತಿ, ಗೆಜೆಟಿಯರ್, ಬೈಂಡ್ ಮಾಡಿದ ಹಳೆಯ ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ತೊಂದರೆ ಇರುವುದು ದೂರದಲ್ಲಿ. ಕಲಬುರಗಿ ಊರೊಳಗೆ ಇದು ಸರಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಿ ಬರಲು ಅರ್ಧ ದಿನ ಬೇಕು. ಬೀದರಿನಿಂದ ಕಲಬುರಗಿಗೆ ಸುಮಾರು 110 ಕಿಲೋಮೀಟರ್. ಓದುವವರಲ್ಲಿ ಎಷ್ಟೋ ಜನ ಕೂಲಿ ಬಿಟ್ಟು, ಅಂಗಡಿ ಕೆಲಸ ಬಿಟ್ಟು ಬರುವವರು. ಒಂದು ಅಧ್ಯಾಯ ಓದಲು ಒಂದು ದಿನದ ದುಡಿಮೆ ಕಳೆದುಕೊಳ್ಳಿ ಅಂತ ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ವಿದ್ಯಾರ್ಥಿನಿಯರಿಗೆ ಬಸ್ ಖರ್ಚು ಇಲ್ಲವಾಗಿದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೂ ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು ಅಲ್ವಾ? ಹಾಗಾಗಿ ಪತ್ರ ಬರೆಯುವಾಗ ಆ ಲೈಬ್ರರಿಗೆ ಮೊದಲೇ ಫೋನ್ ಮಾಡಿ, ಪುಸ್ತಕ ಕಪಾಟಿನಲ್ಲಿ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಓದುಗರನ್ನು ಸುಮ್ನೆ ಓಡಾಡಿಸಬೇಡಿ. ಈ ಮಾತನ್ನು ನೀತಿಯಲ್ಲೇ ಬರೆಯಿರಿ.

ಊರಿನ ನಾಲ್ಕೈದು ಲೈಬ್ರರಿಗಳ ಒಪ್ಪಂದ

ಕಲೆ, ವಾಣಿಜ್ಯ, ಕನ್ನಡ, ಇತಿಹಾಸ ಓದಿಸುವ ಕಾಲೇಜಾದರೆ ನನ್ನ ಆಯ್ಕೆ ಇದೇ. ನಿಮ್ಮ ಓದುಗರು ಕೇಳುವ ಪುಸ್ತಕ ದಿಲ್ಲಿಯಲ್ಲಿ ಇರುವುದಕ್ಕಿಂತ ಪಕ್ಕದ ಓಣಿಯಲ್ಲಿ ಇರುವ ಸಾಧ್ಯತೆ ಜಾಸ್ತಿ.

ಇದರಲ್ಲಿ ಒಂದು ಲೈಬ್ರರಿ ಇನ್ನೊಂದು ಲೈಬ್ರರಿಗೆ ಎರವಲು ಕೊಡುತ್ತದೆ. ಓದುಗರಿಗೆ ಅಲ್ಲ. ಈ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ಇಡೀ ಒಪ್ಪಂದದ ಜೀವ ಇದರಲ್ಲಿದೆ. ಕೊಟ್ಟವರ ದಾಖಲೆಯಲ್ಲಿ ತರಿಸಿಕೊಂಡ ಕಾಲೇಜಿನ ಹೆಸರು ಇರುತ್ತದೆ. ವಿದ್ಯಾರ್ಥಿ ಟಿ.ಸಿ. ತೆಗೆದುಕೊಂಡು ಹೋದರೂ ಕಾಲೇಜು ಎಲ್ಲಿಗೂ ಹೋಗುವುದಿಲ್ಲ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ 1954ರಲ್ಲೇ ದೇಶಗಳ ನಡುವಿನ ಎರವಲಿಗೆ ಸೂತ್ರಗಳನ್ನು ಒಪ್ಪಿಕೊಂಡಿತು. ಆಮೇಲೆ ಹಲವು ಸಲ ತಿದ್ದಿದೆ. ಅದರ ಮಾತು ಸರಳ: ಪುಸ್ತಕ ಕೊಟ್ಟವರ ಬಾಗಿಲು ದಾಟಿದ ಕ್ಷಣದಿಂದ ಅಲ್ಲಿಗೆ ವಾಪಸ್ ಸೇರುವ ತನಕ ಹೊಣೆ ತರಿಸಿಕೊಂಡವರದು. ದಾರಿಯಲ್ಲಿ ಕಳೆದರೂ ಅವರದೇ. ಈ ಒಂದು ಸಾಲನ್ನು ಹಾಗೇ ಎತ್ತಿಕೊಳ್ಳಿ.

ನಮಗೆ ಇದರ ಬೆಲೆ ತಿಳಿದದ್ದು ಪೆಟ್ಟು ತಿಂದಮೇಲೆ. ಒಂದು ಮಳೆಗಾಲದಲ್ಲಿ ಒಂದು ಕಾಲೇಜಿಗೆ ಬಾಯಿಮಾತಿನ ಮೇಲೆ ಪುಸ್ತಕ ಕೊಟ್ಟೆ. ಬಟ್ಟೆ ಬೈಂಡಿಂಗಿನ ಹಳೆಯ ಪುಸ್ತಕ. ವಾಪಸ್ ಬಂದಾಗ ಕೆಳಗಿನ ಅಂಚು ನೀರು ಕುಡಿದು ಉಬ್ಬಿತ್ತು. ನಡುವಿನ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಲು ಹೋದರೆ ನಕ್ಷೆಯ ಹಾಳೆ ಮಡಿಕೆಯಲ್ಲಿ ಹರಿಯಿತು. "ಮೊದಲs ಹಿಂಗ ಇತ್ತಲ್ರಿ" ಅಂದರು ಆ ಕಡೆಯವರು. ಇರಲಿಲ್ಲ ಅಂತ ನನಗೆ ಗೊತ್ತು. ಆದರೆ ತೋರಿಸಲು ನನ್ನ ಹತ್ತಿರ ಏನಿತ್ತು? ಈಗ ಪ್ರತಿ ಪುಸ್ತಕ ಹೋಗುವ ಮುಂಚೆ ಮೊಬೈಲಿನಲ್ಲಿ ಐದು ಫೋಟೊ ತೆಗೆಯುತ್ತೇವೆ: ಮುಖಪುಟ, ಹಿಂಬದಿ, ಬೆನ್ನು, ಅಕ್ಸೆಷನ್ ನಂಬರ್ (ಲೈಬ್ರರಿ ಆ ಪ್ರತಿಗೆ ಕೊಟ್ಟ ದಾಖಲೆ ಸಂಖ್ಯೆ) ಇರುವ ಪುಟ, ಮೊದಲೇ ಹರಿದ ಜಾಗ ಇದ್ದರೆ ಅದು. ಎರಡೂ ಕಡೆಯ ಗ್ರಂಥಪಾಲಕರ ವಾಟ್ಸಾಪ್‌ಗೆ ಹಾಕುತ್ತೇವೆ. ಎರಡು ನಿಮಿಷದ ಕೆಲಸ.

ಸಾಗಣೆ ಹೇಗೆ? ಊರೊಳಗಾದರೆ ವಾರಕ್ಕೆ ಒಂದು ದಿನ ಗೊತ್ತು ಮಾಡಿ, ಅಟೆಂಡರ್ ಒಬ್ಬರು ಚೀಲ ಹಿಡಿದು ಒಂದು ಸುತ್ತು ಹೋಗಿ ಬರಲಿ. ಬೀದರ್, ಯಾದಗಿರಿ ಮಟ್ಟಕ್ಕೆ ಹೋದರೆ ಬಸ್ ಪಾರ್ಸೆಲ್ ಅಥವಾ ಅಂಚೆ. ಬಸ್ಸಿಗೆ ಹಾಕಿದರೆ ಬೇಗ ತಲುಪುತ್ತದೆ, ಆದರೆ ನಿಲ್ದಾಣಕ್ಕೆ ಹೋಗಿ ಕೊಡಲು ಒಬ್ಬರು, ಬಿಡಿಸಿಕೊಳ್ಳಲು ಒಬ್ಬರು ಬೇಕು. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗೆ ಅಂತಲೇ ಜ್ಞಾನ ಪೋಸ್ಟ್ ಶುರು ಮಾಡಿತು. ಆಗ ಇಟ್ಟ ದರ 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ 100 ರೂಪಾಯಿ, ತೆರಿಗೆ ಬೇರೆ. ನೆಲದ ದಾರಿಯಲ್ಲೇ ಹೋಗುವುದರಿಂದ ತುಸು ನಿಧಾನ, ಆದರೆ ಪಾರ್ಸೆಲ್ ಎಲ್ಲಿದೆ ಅಂತ ನೋಡಬಹುದು. ಎರಡು ಸಂಗತಿ ನೆನಪಿರಲಿ. ಪುಸ್ತಕದ ಮೇಲೆ ಪ್ರಕಾಶಕರ ಇಲ್ಲವೇ ಮುದ್ರಕರ ಹೆಸರು ಇರಬೇಕು. ನಿಯತಕಾಲಿಕೆಗಳನ್ನು ಇದರಲ್ಲಿ ತೆಗೆದುಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಬೀದರ್-ಕಲಬುರಗಿ ನಡುವೆ ಅಂಚೆಯೇ ಸಾಕು. ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಮೂಲೆಗಳಿಗೆ ರಟ್ಟು ಕೊಟ್ಟು ಕಳಿಸಿ.

ಅವಧಿ 21 ದಿನ ಇಡಿ, ಆದರೆ ಪುಸ್ತಕ ತಲುಪಿದ ದಿನದಿಂದ ಎಣಿಸಿ. ಕಳಿಸಿದ ದಿನದಿಂದ ಎಣಿಸಿದರೆ ದೂರದ ಕಾಲೇಜಿನ ಓದುಗರಿಗೆ ಮೋಸ ಆಗುತ್ತದೆ. ನಮ್ಮ ಭಾಗಕ್ಕೆ ಮಾತ್ರ ಬೇಕಾಗುವ ಇನ್ನೊಂದು ಕಲಂ ಇದೆ. ಬೇಸಿಗೆಯಲ್ಲಿ, ಏಪ್ರಿಲ್ ಮೇ ಹೊತ್ತಿಗೆ, ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಮೂರು ಗಂಟೆಗೆ ಪುಸ್ತಕ ವಾಪಸ್ ಮಾಡಲು ಬಂದವರಿಗೆ ಬೀಗ ಕಂಡರೆ ಏನು ಮಾಡಬೇಕು? ಆ ಎರಡು ತಿಂಗಳು ಕೌಂಟರ್ ವೇಳೆ ಏನು, ಗಡುವು ಎಷ್ಟು ದಿನ ಮುಂದಕ್ಕೆ ಅಂತ ಮೊದಲೇ ಬರೆದಿಡಿ.

ಒಪ್ಪಂದ ಮುರಿಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ದೊಡ್ಡ ಲೈಬ್ರರಿ ಕೊಡುತ್ತಲೇ ಇರುತ್ತದೆ, ಸಣ್ಣದು ತೆಗೆದುಕೊಳ್ಳುತ್ತಲೇ ಇರುತ್ತದೆ. ಎರಡು ವರ್ಷದಲ್ಲಿ ದೊಡ್ಡವರಿಗೆ ಬೇಸರ ಬರುತ್ತದೆ. ಇದಕ್ಕೆ ಮದ್ದು ದುಡ್ಡಲ್ಲ. ಸಣ್ಣ ಕಾಲೇಜಿನಲ್ಲೂ ಬೇರೆಲ್ಲೂ ಇಲ್ಲದ್ದು ಇರುತ್ತದೆ. ಜಾತ್ರೆಗಳ ಸ್ಮರಣ ಸಂಚಿಕೆಗಳು, ಊರಿನ ಕವಿಗಳು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳು, ಯಾರೋ ಹಿರಿಯರು ದಾನ ಕೊಟ್ಟ ಉರ್ದು ಕಪಾಟು. ಎಷ್ಟೋ ಕಡೆ ಇವು ಕ್ಯಾಟಲಾಗಿಗೇ ಸೇರಿಲ್ಲ. ಒಪ್ಪಂದಕ್ಕೆ ಸೇರುವ ಪ್ರತಿ ಕಾಲೇಜು ಮೊದಲ ವರ್ಷ ಇಂಥ ಇನ್ನೂರು ಪುಸ್ತಕದ ಪಟ್ಟಿ ಮಾಡಿ ಕೊಡಬೇಕು ಅಂತ ಷರತ್ತು ಹಾಕಿ. ಸಣ್ಣವರ ಕೈಯೂ ಕೊಡುವ ಕೈ ಆಗುತ್ತದೆ. ಪಟ್ಟಿಯನ್ನು ಲೈಬ್ರರಿ ತಂತ್ರಾಂಶಗಳಾದ ಕೋಹಾದಲ್ಲಿ ಮಾಡಿದರೂ ಆಯಿತು, ಇ-ಗ್ರಂಥಾಲಯದಲ್ಲಿ ಮಾಡಿದರೂ ಆಯಿತು, ಮೊದಲಿಗೆ ಎಕ್ಸೆಲ್ ಶೀಟ್ ಆದರೂ ಆಯಿತು. ಕಾಲಂಗಳು ಎಲ್ಲರಲ್ಲೂ ಒಂದೇ ಇರಲಿ ಅಷ್ಟೇ.

ಯಾದಗಿರಿಯವರಿಗೆ ಈ ಒಪ್ಪಂದ ಇನ್ನೂ ಜಾಸ್ತಿ ಬೇಕು. ಜಿಲ್ಲೆಯಾದದ್ದು 2009ರ ಕೊನೆಗೆ. ಅಲ್ಲಿನ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ, ಅದೂ ಹೊಸದು. ಹತ್ತಾರು ವರ್ಷ ಕೂಡಿಟ್ಟ ಪುಸ್ತಕ ಇರುವುದು ಕಲಬುರಗಿಯಲ್ಲಿ. ಪಠ್ಯಕ್ರಮ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ ಅನ್ನುವ ಹಾಗಿದೆ. ಬೀದರಿನ ಮಾತು ಬೇರೆ. ಅಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಜೀವವಿಜ್ಞಾನ ಓದಿಸುವ ಕಲಬುರಗಿಯ ಕಾಲೇಜುಗಳು ಆ ಕಡೆಗೆ ಕೈ ಚಾಚಬಹುದು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯ ಇತ್ತು ಅಂತ ಇತಿಹಾಸ ಓದಿದವರಿಗೆಲ್ಲ ಗೊತ್ತು. ದೂರ ದೂರದಿಂದ ಓದಲು ಬರುತ್ತಿದ್ದ ಊರು ಅದು. ಆ ಕಟ್ಟಡದ ಮುಂದೆ ನಿಂತಾಗಲೆಲ್ಲ ಈ ಒಪ್ಪಂದಕ್ಕೆ ಬೀದರ್ ಸೇರಲೇಬೇಕು ಅಂತ ನನಗೆ ಅನಿಸುತ್ತದೆ.

ದೇಶಮಟ್ಟದ ಜಾಲಕ್ಕೆ ಸದಸ್ಯರಾಗುವುದು

ಡೆಲ್‌ನೆಟ್ 1988ರಲ್ಲಿ ದಿಲ್ಲಿಯ ಲೈಬ್ರರಿಗಳ ಜಾಲವಾಗಿ ಶುರುವಾಯಿತು. ಈಗ ದೇಶದ ಸಾವಿರಾರು ಲೈಬ್ರರಿಗಳು ಅದರಲ್ಲಿವೆ. ಜಂಟಿ ಕ್ಯಾಟಲಾಗ್ ನೋಡಿ ಪುಸ್ತಕ ತರಿಸಬಹುದು, ಲೇಖನದ ಪ್ರತಿ ಕೇಳಬಹುದು. ವರ್ಷದ ಚಂದಾ ಇದೆ. ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್, ವೈದ್ಯಕೀಯ ಕಾಲೇಜುಗಳಿಗೆ, ಇಂಗ್ಲಿಷ್ ತಾಂತ್ರಿಕ ಪುಸ್ತಕ ಮತ್ತು ಲೇಖನ ಕೇಳುವವರು ಜಾಸ್ತಿ ಇರುವ ಕಡೆ, ಚಂದಾ ಕೊಟ್ಟದ್ದಕ್ಕೆ ಬೆಲೆ ಸಿಗುತ್ತದೆ.

ಸದಸ್ಯರಾಗುವ ಮುಂಚೆ ನಿಮ್ಮ "ಇಲ್ಲ" ನೋಟ್‌ಬುಕ್ಕಿನ ಇಪ್ಪತ್ತು ಹೆಸರು ತೆಗೆದುಕೊಂಡು ಆ ಜಾಲದಲ್ಲಿ ಹುಡುಕಿಸಿ ನೋಡಿ. ಈಗಾಗಲೇ ಸದಸ್ಯರಾದ ಕಾಲೇಜು ನಿಮ್ಮ ಊರಲ್ಲೇ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಅರ್ಧದಷ್ಟಾದರೂ ಸಿಕ್ಕರೆ ಮುಂದುವರಿಯಿರಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಚಂದಾ ಕಟ್ಟಿ, ವರ್ಷವಿಡೀ ಒಂದು ಕೋರಿಕೆಯನ್ನೂ ಕಳಿಸದ ಕಾಲೇಜುಗಳನ್ನು ನೋಡಿದ್ದೇನೆ. ಆ ದುಡ್ಡು ವಿದ್ಯಾರ್ಥಿಗಳ ಶುಲ್ಕದಿಂದ ಬಂದದ್ದು. ಅಷ್ಟರಲ್ಲಿ ಎಷ್ಟು ಪುಸ್ತಕ ಬರುತ್ತಿತ್ತು ಅಂತ ನೆನೆದರೆ ಸಂಕಟ ಆಗುತ್ತದೆ.

ಪುಸ್ತಕದ ಬದಲು ಪುಟಗಳನ್ನು ಕಳಿಸುವುದು

ಜರ್ನಲ್ ಲೇಖನಕ್ಕೆ ಇದೇ ದಾರಿ. ಆದರೆ ನಿಮ್ಮ ಕಾಲೇಜು ಯಾರದು ಅನ್ನುವುದು ಇಲ್ಲಿ ಮುಖ್ಯ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ "ಒಂದು ದೇಶ ಒಂದು ಚಂದಾ" ಯೋಜನೆ 2025ರ ಜನವರಿ 1ಕ್ಕೆ ಶುರುವಾಯಿತು. ಇದರಲ್ಲಿ ಜರ್ನಲ್‌ಗಳ ಚಂದಾ ಸರ್ಕಾರವೇ ಕಟ್ಟುತ್ತದೆ: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಮೊದಲ ಹಂತದಲ್ಲಿ ಇದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ. ಸರ್ಕಾರಿ ಕಾಲೇಜಾದರೆ ಜರ್ನಲ್‌ಗೋಸ್ಕರ ಬೇರೆ ದುಡ್ಡು ಹಾಕುವ ಮುಂಚೆ ಇದರಲ್ಲಿ ನಿಮ್ಮ ನೋಂದಣಿ ಆಗಿದೆಯಾ ನೋಡಿ. ಖಾಸಗಿ ಕಾಲೇಜಾದರೆ ಲೇಖನ ಒಂದೊಂದಾಗಿ ಬೇರೆಯವರಿಂದ ಕೇಳಿ ತರಿಸಬೇಕು.

ಇಲ್ಲಿ ಒಂದು ತಪ್ಪು ತುಂಬಾ ಕಡೆ ನಡೆಯುತ್ತಿದೆ. ಜರ್ನಲ್ ಓದಲು ಸಂಸ್ಥೆಗೆ ಕೊಟ್ಟ ಪಾಸ್‌ವರ್ಡನ್ನು ಹೊರಗಿನವರಿಗೆ ಹಂಚುವುದು. ಪಾಪ, ವಿದ್ಯಾರ್ಥಿಗೆ ಸಹಾಯ ಆಗಲಿ ಅಂತಲೇ ಕೊಡುತ್ತಾರೆ. ಆದರೆ ಪ್ರಕಾಶಕರ ಲೈಸೆನ್ಸಿನಲ್ಲಿ ಅದಕ್ಕೆ ಅವಕಾಶ ಇಲ್ಲ. ಸಿಕ್ಕಿಬಿದ್ದರೆ ಇಡೀ ಸಂಸ್ಥೆಯ ಸಂಪರ್ಕವನ್ನೇ ಕಡಿಯಬಹುದು. ಒಬ್ಬ ಸಂಶೋಧಕರು ಓದಲು ಕೇಳಿದ ಒಂದು ಲೇಖನ ಕಳಿಸಬಹುದಾ ಅಂತ ಲೈಸೆನ್ಸ್ ಓದಿ ತಿಳಿದುಕೊಳ್ಳಿ. ಕೆಲವು ಬಿಡುತ್ತವೆ, ಕೆಲವು ಬಿಡುವುದಿಲ್ಲ.

ಅಚ್ಚಾದ ಪುಸ್ತಕದ ಪುಟ ಸ್ಕ್ಯಾನ್ ಮಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ನೋಡಬೇಕು. ಅದರ 52ನೇ ಕಲಂ ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ. ಒಂದು ಅಧ್ಯಾಯ ಕಳಿಸುವುದು ಈ ಮನಸ್ಸಿನಲ್ಲೇ. ಇಡೀ ಪುಸ್ತಕ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುವುದು ಅಲ್ಲ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಲಾಭಕ್ಕಲ್ಲದೆ ನಡೆಯುವ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿ ತನಕ ಮಾಡಿಕೊಳ್ಳಬಹುದು. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ಹಕ್ಕಿನ ಅವಧಿಯೇ ಮುಗಿದಿರುತ್ತದೆ. ನಮ್ಮ ಭಾಗದ ಎಷ್ಟೋ ಹಳೆಯ ಪುಸ್ತಕಗಳು ಈ ಗುಂಪಿನವು. ಅವನ್ನು ಮಾತ್ರ ಪೂರ್ತಿ ಸ್ಕ್ಯಾನ್ ಮಾಡಿ, ಎಲ್ಲರಿಗೂ ಕೊಡಿ, ಮುಟ್ಟಿದರೆ ಪುಡಿಯಾಗುವ ಮೂಲ ಪ್ರತಿಯನ್ನು ಎರವಲು ಕಳಿಸಬೇಡಿ.

ಕಳೆದುಹೋದರೆ

ಗ್ರಂಥಪಾಲಕರು "ಕೊಡಲ್ಲ" ಅನ್ನುವುದು ಜಿಪುಣತನದಿಂದ ಅಲ್ಲ. ಪುಸ್ತಕ ಎಣಿಸುವ ದಿನ ಕಮ್ಮಿ ಬಂದರೆ ಸಂಬಳಕ್ಕೆ ಬರುತ್ತದೆ ಅನ್ನುವ ಹೆದರಿಕೆಯಿಂದ. ಈ ಹೆದರಿಕೆ ತೆಗೆಯದೆ ಯಾವ ನೀತಿಯೂ ನಡೆಯುವುದಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೆ ಒಂದು ಅಳತೆ ಇದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ, ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಮಾಡಲೇಬೇಕು. ಇದು ಕೇಂದ್ರದ ಸಂಸ್ಥೆಗಳಿಗೆ ಅನ್ವಯಿಸುವ ನಿಯಮ. ಆದರೆ ನಿಮ್ಮ ಆಡಳಿತ ಮಂಡಳಿಯ ಮುಂದೆ ಮಾದರಿಯಾಗಿ ಇಟ್ಟು, ಎರವಲು ಹೋದ ಪುಸ್ತಕಗಳಿಗೂ ಇಂಥದೇ ಅಳತೆ ಒಪ್ಪಿಸಿ. ಮಂಡಳಿಯ ನಡಾವಳಿಯಲ್ಲಿ ಅದು ದಾಖಲಾಗಲಿ.

ಪರಿಹಾರವನ್ನು ಹೀಗೆ ಬರೆಯಬಹುದು: ಮೊದಲು ಅದೇ ಪುಸ್ತಕದ ಹೊಸ ಪ್ರತಿ. ಅದು ಸಿಗದಿದ್ದರೆ ಕೊಟ್ಟ ಲೈಬ್ರರಿ ಒಪ್ಪುವ ಬೇರೆ ಪುಸ್ತಕ. ಕೊನೆಗೆ ದುಡ್ಡು. ಪುಸ್ತಕದ ಮೇಲೆ ಅಚ್ಚಾದ ಹಳೆಯ ಬೆಲೆ ಲೆಕ್ಕಕ್ಕೆ ಹಿಡಿಯಬೇಡಿ. ಹನ್ನೆರಡು ರೂಪಾಯಿ ಅಂತ ಬರೆದ ಪುಸ್ತಕ ಈಗ ಹನ್ನೆರಡು ರೂಪಾಯಿಗೆ ಯಾರು ಕೊಡುತ್ತಾರೆ? ದಂಡದ ವಿಷಯಕ್ಕೆ ಬಂದರೆ, ಲೈಬ್ರರಿಗಳ ನಡುವೆ ದಿನಕ್ಕೆ ಇಷ್ಟು ಅಂತ ದಂಡ ಬೇಡ. ತಡವಾದರೆ ಹಳೆಯದು ವಾಪಸ್ ಬರುವ ತನಕ ಹೊಸದು ಇಲ್ಲ. ಅಷ್ಟು ಸಾಕು.

ಕಾಗದಕ್ಕೆ ಸಹಿ ಪ್ರಾಂಶುಪಾಲರದು ಇರಲಿ. ಗ್ರಂಥಪಾಲಕರು ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಜೂನ್ ಜುಲೈನಲ್ಲಿ ಒಂದು ವರ್ಷದ ಅವಧಿಗೆ ಶುರು ಮಾಡಿ. ಎರಡು ಪುಟ ಮೀರದಿರಲಿ. ಒಂದು ಸಲಕ್ಕೆ ಎಷ್ಟು ಪುಸ್ತಕ, ಯಾವ ಪುಸ್ತಕ ಹೊರಗೆ ಹೋಗುವುದಿಲ್ಲ, ಅಂಚೆ ಖರ್ಚು ಯಾರದು ಅನ್ನುವುದೆಲ್ಲ ಅದರಲ್ಲಿ ಬರಲಿ. ಕಳಿಸುವ ಖರ್ಚು ಪುಸ್ತಕ ಕೊಡುವವರಿಗೆ, ವಾಪಸ್ ಖರ್ಚು ತರಿಸಿಕೊಂಡವರಿಗೆ ಅಂತ ನಾವು ಹಂಚಿಕೊಂಡಿದ್ದೇವೆ. ಓದುಗರಿಂದ ಏನೂ ತೆಗೆದುಕೊಳ್ಳುವುದಿಲ್ಲ.

ಗ್ರಂಥಪಾಲಕರ ಹುದ್ದೆ ಖಾಲಿ ಇದ್ದು, ಯಾರೋ ಉಪನ್ಯಾಸಕರು ಪಾಠದ ಜೊತೆಗೆ ಲೈಬ್ರರಿ ನೋಡಿಕೊಳ್ಳುವ ಕಾಲೇಜುಗಳೂ ನಮ್ಮಲ್ಲಿ ಇವೆ. ಅಂಥ ಕಡೆ ಪುಸ್ತಕ ತರಿಸುವ ಒಪ್ಪಂದಕ್ಕೆ ಈಗಲೇ ಕೈ ಹಾಕಬೇಡಿ. ದಿನಾ ರಿಜಿಸ್ಟರ್ ನೋಡುವವರಿಲ್ಲದೆ ಒಂದೇ ಪುಸ್ತಕ ಕಳೆದರೂ ಮುಂದಿನ ಹತ್ತು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ. ಪರಿಚಯ ಪತ್ರ ಮತ್ತು ಅಧ್ಯಾಯದ ಸ್ಕ್ಯಾನ್, ಇವೆರಡರಿಂದ ಶುರು ಮಾಡಿ. ಕೌಂಟರ್ ಮೇಲೆ ನೋಟ್‌ಬುಕ್ ಮಾತ್ರ ಇವತ್ತೇ ಇಡಿ, ಅದಕ್ಕೆ ಯಾರ ಸಹಿಯೂ ಬೇಕಿಲ್ಲ.